ಕೊಲೆಸ್ಟ್ರಾಲ್ ನಿರಪರಾಧಿಯೇ? ಕಮಟು ಹಿಡಿದ ಎಲ್‌ಡಿಎಲ್ ಮತ್ತು ರಕ್ತನಾಳದ ಉರಿಯೂತ

"ಕೊಲೆಸ್ಟ್ರಾಲಿನದು ಏನೂ ತಪ್ಪಿಲ್ಲ, ಅದು ಆಕ್ಸಿಡೈಸ್ ಆದರೆ ಮಾತ್ರ ತೊಂದರೆ. ಉರಿಯೂತವೇ ಅಸಲಿ ಶತ್ರು. ಹಾಗಾಗಿ ಸ್ಟ್ಯಾಟಿನ್ ಬಿಡಿ, ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಶುರು ಮಾಡಿ." ಮುಂಬಯಿಯ ಮಾಟುಂಗದಿಂದ ಡೊಂಬಿವಲಿವರೆಗಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಧಾಟಿಯ ಸಂದೇಶಗಳಿಗೆ ಬರವಿಲ್ಲ. ಮೊದಲ ಎರಡು ವಾಕ್ಯಗಳಲ್ಲಿ ಒಂದಿಷ್ಟು ಸತ್ಯವಿದೆ. ಮೂರನೆಯದು ಅವುಗಳಿಂದ ಹೊರಡುವ ತೀರ್ಮಾನವೇ ಅಲ್ಲ. ಆದರೆ ಮೊದಲಿನ ಸತ್ಯದ ಬಲದಿಂದಲೇ ಆ ಸುಳ್ಳು ದಾಟಿಹೋಗುತ್ತದೆ. ಕನ್ನಡ ಸಂಘದ ತಪಾಸಣಾ ಶಿಬಿರದಲ್ಲಿ ವರದಿ ಕೈಗೆ ಬಂದವರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ನಿಲ್ಲಿಸುವ ಮೊದಲು ರಕ್ತನಾಳದ ಗೋಡೆಯೊಳಗೆ ಏನು ನಡೆಯುತ್ತದೆ ಎಂದು ನೋಡುವುದು ಒಳ್ಳೆಯದು.

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ. ರಕ್ತದಲ್ಲಿ ಅದು ಕೊಬ್ಬು ಮತ್ತು ಪ್ರೋಟೀನು ಸೇರಿ ಆದ ಕಣಗಳೊಳಗೆ ಕುಳಿತು ಸಾಗುತ್ತದೆ. ಎಲ್‌ಡಿಎಲ್ ಅಂಥದೊಂದು ಕಣ, ವ್ಯಾಸ ಸುಮಾರು 22 ನ್ಯಾನೊಮೀಟರ್. ಪ್ರತಿ ಕಣಕ್ಕೂ ಅಪೊ-ಬಿ ಎಂಬ ಪ್ರೋಟೀನು ಒಂದೇ ಒಂದು. ಈ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿರಲಿ: ರಕ್ತದಲ್ಲಿ ಎಷ್ಟು ಅಪೊ-ಬಿ ಇದೆಯೋ ಅಷ್ಟು ಕಣಗಳಿವೆ.

ಇಷ್ಟು ಸಣ್ಣ ಕಣ ರಕ್ತನಾಳದ ಒಳಪದರದ ಕೋಶಗಳನ್ನು ದಾಟಿ ಗೋಡೆಯೊಳಗೆ ಹೋಗಿ ಬರುತ್ತಲೇ ಇರುತ್ತದೆ. ಹೋಗಿದ್ದೆಲ್ಲ ಹಿಂದೆ ಬಂದರೆ ತಕರಾರಿಲ್ಲ. ಆದರೆ ಗೋಡೆಯ ಒಳಭಾಗದಲ್ಲಿ ಪ್ರೋಟಿಯೊಗ್ಲೈಕಾನ್ ಎಂಬ ಸಕ್ಕರೆ ಎಳೆಗಳಿವೆ, ಅವಕ್ಕೆ ಋಣ ವಿದ್ಯುದಂಶ. ಅಪೊ-ಬಿಯ ಕೆಲವು ಭಾಗಗಳಿಗೆ ಧನ ವಿದ್ಯುದಂಶ. ಎರಡೂ ಅಂಟಿಕೊಳ್ಳುತ್ತವೆ, ಕಣ ಅಲ್ಲೇ ಸಿಕ್ಕಿಬೀಳುತ್ತದೆ. ರಕ್ತನಾಳ ಕವಲೊಡೆಯುವ ಕಡೆ, ಅಂದರೆ ಕುತ್ತಿಗೆಯ ಕ್ಯಾರೊಟಿಡ್ ಇಬ್ಭಾಗವಾಗುವಲ್ಲಿ ಮತ್ತು ಹೃದಯದ ಎಡ ಧಮನಿಯ ಆರಂಭದಲ್ಲಿ, ರಕ್ತದ ಹರಿವು ಸುಳಿಸುಳಿಯಾಗಿ ನಿಧಾನವಾಗುತ್ತದೆ. ಅಲ್ಲಿ ಒಳಪದರ ಹೆಚ್ಚು ಸೋರುತ್ತದೆ. ಬ್ಲಾಕೇಜ್ ಪದೇ ಪದೇ ಅದೇ ಜಾಗಗಳಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ.

ಹರಿಯುವ ರಕ್ತದಲ್ಲಿ ಸಿ ವಿಟಮಿನ್, ಯೂರಿಕ್ ಆಮ್ಲ, ಆಲ್ಬುಮಿನ್ ಕಾವಲಿರುತ್ತವೆ, ಹಾಗಾಗಿ ಎಲ್‌ಡಿಎಲ್ ಅಲ್ಲಿ ಕೆಡುವುದು, ಅಂದರೆ ಆಕ್ಸಿಡೈಸ್ ಆಗುವುದು, ಅಪರೂಪ. ಗೋಡೆಯೊಳಗೆ ಸಿಕ್ಕಿಬಿದ್ದ ಕಣಕ್ಕೆ ಆ ಕಾವಲಿಲ್ಲ. ಕಣದ ಹೊರಮೈಯಲ್ಲಿರುವ ಲಿನೊಲೆಯಿಕ್ ಆಮ್ಲದಂಥ ಬಹು-ಅಸಂತೃಪ್ತ ಕೊಬ್ಬು ಮೊದಲು ಕೆಡುತ್ತದೆ. ಹಳೆಯ ಶೇಂಗಾ ಎಣ್ಣೆ ಕಮಟು ವಾಸನೆ ಹೊಡೆಯಲು ಕಾರಣವಾಗುವ ರಾಸಾಯನಿಕ ಕ್ರಿಯೆಯೇ ಇದು, ಉಪಮೆಗಾಗಿ ಹೇಳುತ್ತಿಲ್ಲ. ಒಂದು ಕೊಬ್ಬಿನ ಸರಪಣಿಯಿಂದ ಒಂದು ಹೈಡ್ರೋಜನ್ ಕಿತ್ತುಹೋದರೆ ಅಲ್ಲಿ ಆಮ್ಲಜನಕ ಬಂದು ಕೂರುತ್ತದೆ, ಅದು ಪಕ್ಕದ ಸರಪಣಿಯ ಹೈಡ್ರೋಜನ್ ಕೀಳುತ್ತದೆ, ಹೀಗೆ ಸಾಲು ಸಾಲಾಗಿ ಹರಡುತ್ತದೆ. ಕಿಡಿ ಹೊತ್ತಿಸುವವರು ನಮ್ಮದೇ ಬಿಳಿ ರಕ್ತಕಣಗಳ ಮೈಲೊಪೆರಾಕ್ಸಿಡೇಸ್, ಲಿಪಾಕ್ಸಿಜಿನೇಸ್ ಎಂಬ ಕಿಣ್ವಗಳು. ಜೊತೆಗೆ ಕಬ್ಬಿಣ, ತಾಮ್ರದ ಅಯಾನುಗಳು.

ಇಲ್ಲಿಂದ ಎರಡು ಹಂತ. ಅರೆಬರೆ ಕೆಟ್ಟ ಎಲ್‌ಡಿಎಲ್‌ನ ಫಾಸ್ಫೋಲಿಪಿಡ್‌ಗಳು ಒಳಪದರದ ಕೋಶಗಳನ್ನು ಕೆರಳಿಸುತ್ತವೆ. ಆ ಕೋಶಗಳು ರಕ್ತದ ಕಡೆಗೆ ಅಂಟು ಪ್ರೋಟೀನುಗಳನ್ನು ಚಾಚುತ್ತವೆ, ಎಂಸಿಪಿ-1 ಎಂಬ ಕರೆಗಂಟೆ ರಾಸಾಯನಿಕ ಬಿಡುತ್ತವೆ. ಹಾದುಹೋಗುತ್ತಿದ್ದ ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಅಂಟಿ, ಗೋಡೆಯೊಳಗೆ ನುಸುಳಿ, ಕಸ ನುಂಗುವ ಮ್ಯಾಕ್ರೊಫೇಜ್‌ಗಳಾಗುತ್ತವೆ. ಎರಡನೇ ಹಂತದಲ್ಲಿ, ಕೊಬ್ಬು ಒಡೆದು ಹುಟ್ಟಿದ ಮಾಲೊನ್‌ಡೈಆಲ್ಡಿಹೈಡ್‌ನಂಥ ಚೂರುಗಳು ಅಪೊ-ಬಿಗೆ ಅಂಟಿ ಅದರ ಮುಖಚಹರೆಯನ್ನೇ ಬದಲಿಸುತ್ತವೆ. ಕೋಶಗಳ ಮಾಮೂಲಿ ಎಲ್‌ಡಿಎಲ್ ಗ್ರಾಹಕ (ಕಣವನ್ನು ಹಿಡಿದು ಒಳಗೆಳೆಯುವ ಪ್ರೋಟೀನು) ಅದನ್ನು ಗುರುತಿಸುವುದಿಲ್ಲ, ಮ್ಯಾಕ್ರೊಫೇಜಿನ ಸಿಡಿ36, ಎಸ್‌ಆರ್-ಎ ಎಂಬ ಕಸ ಎತ್ತುವ ಗ್ರಾಹಕಗಳು ಗುರುತಿಸುತ್ತವೆ.

ಈ ವ್ಯತ್ಯಾಸ ಬಹಳ ಮುಖ್ಯ. ಮಾಮೂಲಿ ಗ್ರಾಹಕಕ್ಕೆ ಮಿತಿಯಿದೆ: ಕೋಶದಲ್ಲಿ ಕೊಲೆಸ್ಟ್ರಾಲ್ ತುಂಬಿದರೆ ಅದು ತಾನೇ ಕಡಿಮೆಯಾಗುತ್ತದೆ. ಆ ಗ್ರಾಹಕವನ್ನು ಕಂಡುಹಿಡಿದ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಅವರ ಪ್ರಯೋಗಶಾಲೆಯೇ 1979ರಲ್ಲಿ ಇನ್ನೊಂದು ಸಂಗತಿ ತೋರಿಸಿತ್ತು: ಮ್ಯಾಕ್ರೊಫೇಜ್‌ಗಳು ಶುದ್ಧ ಎಲ್‌ಡಿಎಲ್ ಅನ್ನು ಅಷ್ಟಾಗಿ ನುಂಗುವುದಿಲ್ಲ, ರಾಸಾಯನಿಕವಾಗಿ ಬದಲಾದದ್ದನ್ನು ಮಾತ್ರ ಮಿತಿಯಿಲ್ಲದೆ ನುಂಗುತ್ತವೆ. ಕಸ ಎತ್ತುವ ಗ್ರಾಹಕಕ್ಕೆ "ಸಾಕು" ಎನ್ನುವ ವ್ಯವಸ್ಥೆಯೇ ಇಲ್ಲ. ನುಂಗಿ ನುಂಗಿ ಉಬ್ಬಿದ ಮ್ಯಾಕ್ರೊಫೇಜ್ ಸೂಕ್ಷ್ಮದರ್ಶಕದಲ್ಲಿ ನೊರೆಯಂತೆ ಕಾಣುತ್ತದೆ, ಅದನ್ನೇ ನೊರೆಕೋಶ ಎನ್ನುತ್ತಾರೆ. ದೇಹದೊಳಗೆ ಎಲ್‌ಡಿಎಲ್ ಅನ್ನು ಹೀಗೆ ಬದಲಿಸುವ ಮುಖ್ಯ ಕ್ರಿಯೆ ಆಕ್ಸಿಡೀಕರಣ ಎಂಬ ವಾದಕ್ಕೆ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಗಟ್ಟಿ ರೂಪ ಕೊಟ್ಟರು.

ದೇಹಕ್ಕೆ ತನ್ನದೇ ಕೊಬ್ಬಿನ ಮೇಲೆ ಇಷ್ಟೊಂದು ಸಿಟ್ಟೇಕೆ? ಕೆಟ್ಟ ಎಲ್‌ಡಿಎಲ್‌ನ ಮೇಲ್ಮೈಯಲ್ಲಿ ತೆರೆದುಕೊಳ್ಳುವ ಫಾಸ್ಫೋಕೋಲಿನ್ ಎಂಬ ತುಣುಕು ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಗೋಡೆಯಲ್ಲೂ ಇದೆ. ಎರಡನ್ನೂ ಒಂದೇ ಪ್ರತಿಕಾಯ ಹಿಡಿಯುತ್ತದೆ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನ್ಯುಮೊಕಾಕಸ್ ಲಸಿಕೆ ಪಡೆದ ಇಲಿಗಳ ರಕ್ತನಾಳಗಳಲ್ಲಿ ಪ್ಲಾಕ್ (ಗೋಡೆಯೊಳಗೆ ಕಟ್ಟಿಕೊಂಡ ಕೊಬ್ಬಿನ ದಿಬ್ಬ) ಕಡಿಮೆಯಾಯಿತು. (ಇಲಿಯಲ್ಲಿ ಆದದ್ದು ಮನುಷ್ಯನಿಗೆ ಔಷಧಿಯಲ್ಲ.) ಅಂದರೆ ರೋಗನಿರೋಧಕ ವ್ಯವಸ್ಥೆ ಇಲ್ಲಿ ಸೋಂಕಿನ ವಿರುದ್ಧ ಹೋರಾಡುತ್ತಿದ್ದೇನೆ ಎಂದುಕೊಂಡಿದೆ, ಎದುರಿಗೆ ಸೋಂಕೇ ಇಲ್ಲ.

ನೊರೆಕೋಶಗಳೊಳಗೆ ಕೊಲೆಸ್ಟ್ರಾಲ್ ಹೆಚ್ಚಾಗಿ ಸೂಜಿಯಂಥ ಹರಳುಗಳಾಗುತ್ತದೆ. ಈ ಹರಳುಗಳು ಎನ್‌ಎಲ್‌ಆರ್‌ಪಿ3 ಎಂಬ ಕೋಶದೊಳಗಿನ ಎಚ್ಚರಿಕೆ ಯಂತ್ರವನ್ನು ಚಾಲೂ ಮಾಡುತ್ತವೆ ಎಂದು 2010ರಲ್ಲಿ ಗೊತ್ತಾಯಿತು. ಅದರಿಂದ ಉರಿಯೂತದ ಸಂದೇಶವಾಹಕವಾದ ಇಂಟರ್‌ಲ್ಯೂಕಿನ್-1 ಬೀಟಾ, ಅದರಿಂದ ಇಂಟರ್‌ಲ್ಯೂಕಿನ್-6, ಅದರ ಆಜ್ಞೆಯಂತೆ ಯಕೃತ್ತಿನಿಂದ ಸಿಆರ್‌ಪಿ ಎಂಬ ಪ್ರೋಟೀನು. ಲ್ಯಾಬಿನ ಚೀಟಿಯಲ್ಲಿ ಕಾಣುವ ಸಿಆರ್‌ಪಿ ಈ ಸರಣಿಯ ಕೊನೆಯ ಹೊಗೆ. ಸತ್ತ ನೊರೆಕೋಶಗಳನ್ನು ಎತ್ತುವವರು ಸಾಲದೆ ಒಳಗೊಂದು ಕೊಳೆತ ತಿರುಳು ಬೆಳೆಯುತ್ತದೆ, ಮೇಲಿನ ನಾರಿನ ಮುಚ್ಚಳವನ್ನು ಮ್ಯಾಕ್ರೊಫೇಜಿನ ಕಿಣ್ವಗಳು ಕೊರೆಯುತ್ತವೆ. ಮುಚ್ಚಳ 65 ಮೈಕ್ರಾನಿಗಿಂತ ತೆಳುವಾದರೆ ಹರಿಯುವ ಸಂಭವ ಹೆಚ್ಚು. ಹರಿದರೆ ಒಳಗಿನ ತಿರುಳಿಗೆ ರಕ್ತ ತಾಗಿ ನಿಮಿಷಗಳಲ್ಲಿ ಗಡ್ಡೆ. ಹಾರ್ಟ್ ಅಟ್ಯಾಕ್ ತರುವ ಪ್ಲಾಕ್‌ಗಳಲ್ಲಿ ಅನೇಕವು ನಾಳವನ್ನು ಅರ್ಧದಷ್ಟೂ ಕಿರಿದು ಮಾಡಿರುವುದಿಲ್ಲ. ಹೋದ ತಿಂಗಳು ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್ ಬಂದವರಿಗೆ ಈ ತಿಂಗಳು ಅಟ್ಯಾಕ್ ಆಗುವುದು ಹೀಗೆ.

ಇದು ಮುಪ್ಪಿನ ಕಾಯಿಲೆಯೂ ಅಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಶವಪರೀಕ್ಷೆಯ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22, ಹೃದಯದ ನಾಳಗಳಲ್ಲಿ ಕಾಯಿಲೆಯ ಗುರುತು ಇದ್ದವರು ನೂರಕ್ಕೆ 77 ಮಂದಿ.

ಆಂಟಿಆಕ್ಸಿಡೆಂಟ್ ಗುಳಿಗೆ ಏಕೆ ಸೋತಿತು

ಆಕ್ಸಿಡೀಕರಣವೇ ಕೊಂಡಿಯಾದರೆ ಆಂಟಿಆಕ್ಸಿಡೆಂಟ್ ಕೊಟ್ಟರೆ ಆಯಿತಲ್ಲ? ತರ್ಕ ಸರಿ. ವೈದ್ಯಲೋಕವೂ ಹಾಗೇ ಯೋಚಿಸಿ ದೊಡ್ಡ ದೊಡ್ಡ ಪರೀಕ್ಷೆ ನಡೆಸಿತು. 2000ದಲ್ಲಿ ಹೋಪ್ ಅಧ್ಯಯನ: ದಿನಕ್ಕೆ 400 ಯೂನಿಟ್ ಇ ವಿಟಮಿನ್, ಒಂಬತ್ತು ಸಾವಿರಕ್ಕೂ ಹೆಚ್ಚು ಜನ, ಲಾಭ ಶೂನ್ಯ. 2002ರಲ್ಲಿ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ: 20,536 ಜನ, ದಿನಕ್ಕೆ 600 ಮಿ.ಗ್ರಾಂ ಇ ವಿಟಮಿನ್, 250 ಮಿ.ಗ್ರಾಂ ಸಿ, 20 ಮಿ.ಗ್ರಾಂ ಬೀಟಾ ಕೆರೊಟೀನ್. ಮತ್ತೆ ಲಾಭ ಶೂನ್ಯ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ಸ್ಟ್ಯಾಟಿನ್ ಪಡೆದವರಿಗೆ ಹೃದಯಾಘಾತ, ಪಾರ್ಶ್ವವಾಯು ಸ್ಪಷ್ಟವಾಗಿ ಕಡಿಮೆಯಾದವು. ಒಂದೇ ಜನ, ಒಂದೇ ಅವಧಿ, ಎರಡು ಗುಳಿಗೆ. ಇದಕ್ಕಿಂತ ನೇರವಾದ ಹೋಲಿಕೆ ಸಿಗುವುದು ಕಷ್ಟ.

ಸೋಲಿಗೆ ಕಾರಣಗಳನ್ನು ಊಹಿಸಬಹುದು. ಮೈಲೊಪೆರಾಕ್ಸಿಡೇಸ್ ಹುಟ್ಟಿಸುವ ಹೈಪೊಕ್ಲೋರಸ್ ಆಮ್ಲ ನೇರವಾಗಿ ಪ್ರೋಟೀನನ್ನೇ ಸುಡುತ್ತದೆ, ಕೊಬ್ಬಿನಲ್ಲಿ ಕರಗಿ ಕುಳಿತ ಇ ವಿಟಮಿನ್ ಅದನ್ನು ತಡೆಯಲಾರದು. ಜೊತೆಗೆ ಸಿ ವಿಟಮಿನ್ ಇಲ್ಲದ ಜಾಗದಲ್ಲಿ ಇ ವಿಟಮಿನ್ ತಾನೇ ಸರಪಣಿ ಕ್ರಿಯೆಯನ್ನು ತಡೆಯುವ ಬದಲು ಮುಂದೊಯ್ಯಬಲ್ಲದು. ಐವತ್ತು ವರ್ಷದಿಂದ ಬೆಳೆದ ಪ್ಲಾಕಿಗೆ ಐದು ವರ್ಷದ ಗುಳಿಗೆ ತಡವಾಗಿಯೂ ಇದ್ದೀತು.

ಉರಿಯೂತವನ್ನೇ ಹೊಡೆದರೆ? ಆ ಪ್ರಶ್ನೆಗೆ 2017ರ ಕ್ಯಾಂಟೊಸ್ ಪ್ರಯೋಗ ಉತ್ತರ ಕೊಟ್ಟಿತು. ಹಿಂದೆ ಅಟ್ಯಾಕ್ ಆಗಿ ಸಿಆರ್‌ಪಿ ಲೀಟರಿಗೆ 2 ಮಿ.ಗ್ರಾಂ ಅಥವಾ ಹೆಚ್ಚು ಇದ್ದ 10,061 ಜನರ ಅಧ್ಯಯನ. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ 150 ಮಿ.ಗ್ರಾಂ ಮೂರು ತಿಂಗಳಿಗೊಮ್ಮೆ. ಎಲ್‌ಡಿಎಲ್ ಇಳಿಯಲಿಲ್ಲ, ಆದರೂ ಅಟ್ಯಾಕ್, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾರೆ ಶೇ. 15 ಇಳಿದವು. ಉರಿಯೂತದ ಪಾತ್ರ ಸಾಬೀತಾಯಿತು. ಜೊತೆಗೆ ಮಾರಣಾಂತಿಕ ಸೋಂಕುಗಳು ಸ್ವಲ್ಪ ಹೆಚ್ಚಿದವು. ಆ ಕ್ಯಾಂಟೊಸ್ ರೋಗಿಗಳಲ್ಲಿ ಹೆಚ್ಚಿನವರು ಆಗಲೇ ಸ್ಟ್ಯಾಟಿನ್ ಮೇಲಿದ್ದರು ಎಂಬುದನ್ನು ವಾಟ್ಸ್ಆ್ಯಪ್ ಪಂಡಿತರು ಹೇಳುವುದಿಲ್ಲ. ಅಂದರೆ ಇದು ಸ್ಟ್ಯಾಟಿನ್ ಜೊತೆಗೆ ಸಿಕ್ಕ ಲಾಭ, ಬದಲಿಗೆ ಸಿಕ್ಕದ್ದಲ್ಲ.

ಇನ್ನೊಂದು ಕಡೆಯ ಸಾಕ್ಷಿ ಜೀನ್‌ಗಳದ್ದು. ಪಿಸಿಎಸ್‌ಕೆ9 ಜೀನ್ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡದ ಅಮೆರಿಕದ ಕರಿಯ ಸಮುದಾಯದವರಲ್ಲಿ ಎಲ್‌ಡಿಎಲ್ ಸರಾಸರಿ ಶೇ. 28 ಕಡಿಮೆ, ಹೃದಯದ ನಾಳಗಳ ಕಾಯಿಲೆ ಶೇ. 88 ಕಡಿಮೆ ಎಂದು 2006ರಲ್ಲಿ ವರದಿಯಾಯಿತು. ಇದರಲ್ಲಿ ಆಂಟಿಆಕ್ಸಿಡೆಂಟಿನ ಪಾತ್ರವಿಲ್ಲ. ಗೋಡೆಯೊಳಗೆ ಹೋಗುವ ಕಣಗಳೇ ಜೀವಮಾನವಿಡೀ ಕಡಿಮೆಯಿದ್ದವು, ಕಮಟಲು ಸರಕೂ ಕಡಿಮೆಯಿತ್ತು.

ವರದಿಯನ್ನು ಓದುವುದು

ನಮ್ಮವರ ಲಿಪಿಡ್ ಪ್ರೊಫೈಲ್‌ನಲ್ಲಿ ಪದೇ ಪದೇ ಕಾಣುವ ಒಂದು ವಿನ್ಯಾಸ ನೋಡಿ: ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 230 (ಎಲ್ಲವೂ ಡೆಸಿಲೀಟರಿಗೆ ಮಿ.ಗ್ರಾಂ). ಹಲವು ಲ್ಯಾಬುಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ (46), ಒಟ್ಟಿನಿಂದ ಅದನ್ನೂ ಎಚ್‌ಡಿಎಲ್ ಅನ್ನೂ ಕಳೆದರೆ 110. "ಹೆಚ್ಚೇನಿಲ್ಲ" ಎಂದು ಮನೆಗೆ ಹೋಗುತ್ತಾರೆ. ಟ್ರೈಗ್ಲಿಸರೈಡ್ ಹೆಚ್ಚಿದ್ದಾಗ ಎಲ್‌ಡಿಎಲ್ ಕಣಗಳು ಸಣ್ಣವೂ ದಟ್ಟವೂ ಆಗುತ್ತವೆ. ಒಂದೊಂದರಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಹಾಗಾಗಿ ಅಷ್ಟೇ 110ಕ್ಕೆ ಕಣಗಳ ಸಂಖ್ಯೆ ಹೆಚ್ಚು. ಸಣ್ಣ ಕಣ ಗೋಡೆಗೆ ಸುಲಭವಾಗಿ ನುಗ್ಗುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ, ಬೇಗ ಕಮಟುತ್ತದೆ. ಈ ವರದಿಯಲ್ಲಿ ನೋಡಬೇಕಾದ ಅಂಕಿ ಒಟ್ಟಿನಿಂದ ಎಚ್‌ಡಿಎಲ್ ಕಳೆದದ್ದು: 190ರಲ್ಲಿ 34 ಕಳೆದರೆ 156. ಇದಕ್ಕೆ ಕಾಸು ಖರ್ಚಿಲ್ಲ, ಉಪವಾಸವೂ ಬೇಡ. ಕಾರ್ಡಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ 2024ರ ಮಾರ್ಗಸೂಚಿಯಂತೆ ಅಪಾಯ ಕಡಿಮೆ ಇದ್ದವರಿಗೂ ಇದು 130ರ ಒಳಗಿರಬೇಕು. ಹೆಚ್ಚು ಅಪಾಯದವರಿಗೆ ಎಲ್‌ಡಿಎಲ್ 70ರ ಒಳಗೆ, ಅತಿ ಹೆಚ್ಚು ಅಪಾಯದವರಿಗೆ 55ರ ಒಳಗೆ.

ಸಂದೇಹವಿದ್ದರೆ ಅಪೊ-ಬಿ ಮಾಡಿಸಿ, ಅದು ಕಣಗಳ ನೇರ ಎಣಿಕೆ. ಜೀವನದಲ್ಲಿ ಒಮ್ಮೆ ಲಿಪೊಪ್ರೋಟೀನ್-ಎ ಕೂಡ ಮಾಡಿಸಬೇಕು. 1963ರಲ್ಲಿ ಕೋರೆ ಬರ್ಗ್ ಕಂಡುಹಿಡಿದ ಈ ಕಣ ಎಲ್‌ಡಿಎಲ್‌ನ ಅಣ್ಣತಮ್ಮನೇ, ಆದರೆ ರಕ್ತದಲ್ಲಿ ಓಡಾಡುವ ಆಕ್ಸಿಡೈಸ್ ಆದ ಫಾಸ್ಫೋಲಿಪಿಡ್‌ಗಳ ಮುಖ್ಯ ವಾಹಕ. ಪ್ರಮಾಣವನ್ನು ನಿರ್ಧರಿಸುವುದು ಬಹುಪಾಲು ವಂಶವಾಹಿ, ಪಥ್ಯದಿಂದ ಇಳಿಯದು. ಡೆಸಿಲೀಟರಿಗೆ 50 ಮಿ.ಗ್ರಾಂ ದಾಟಿದ್ದರೆ ಉಳಿದ ಎಲ್ಲ ಅಂಕಿಗಳ ಮೇಲೆ ಇನ್ನಷ್ಟು ಬಿಗಿಯಾಗಬೇಕು, ಒಡಹುಟ್ಟಿದವರೂ ಮಾಡಿಸಬೇಕು.

"ಆಕ್ಸಿಡೈಸ್ಡ್ ಎಲ್‌ಡಿಎಲ್ ಟೆಸ್ಟ್" ಎಂದು ದುಬಾರಿ ಪ್ಯಾಕೇಜಿನಲ್ಲಿ ಬರುವುದಕ್ಕೆ ಹಣ ಸುರಿಯಬೇಡಿ. ಕಾಯಿಲೆ ಇರುವುದು ಗೋಡೆಯೊಳಗೆ, ಅಳೆಯುವುದು ರಕ್ತದಲ್ಲಿ ಸೋರಿಬಂದ ಅಷ್ಟಿಷ್ಟನ್ನು. ಆ ಅಂಕಿ ನೋಡಿ ಚಿಕಿತ್ಸೆ ಬದಲಿಸುವ ಕ್ರಮವೂ ಇಲ್ಲ.

ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಬೇರೆ ಮಾತು, ಅದು ಉಪಯುಕ್ತ: 1ಕ್ಕಿಂತ ಕಡಿಮೆ ಒಳ್ಳೆಯದು, 3 ದಾಟಿದರೆ ಅಪಾಯ ಹೆಚ್ಚು. ಆದರೆ ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಮಾಡಿಸುವುದು ಜಾಗ್ರತೆಯ ಕೆಲಸ. ವೈರಲ್ ಜ್ವರ, ಡೆಂಗಿ, ಒಸಡಿನ ಕೀವು, ಮಂಡಿನೋವು, ಯಾವುದಿದ್ದರೂ ಅದು ಏರುತ್ತದೆ. 10 ದಾಟಿದ್ದರೆ ಹೃದಯದ ಲೆಕ್ಕಕ್ಕೆ ಹಿಡಿಯಬಾರದು, ಜ್ವರ ಬಿಟ್ಟು ಎರಡು ಮೂರು ವಾರದ ನಂತರ ಮತ್ತೆ ಮಾಡಿಸಬೇಕು.

ಅಡುಗೆಮನೆ ಮತ್ತು ಬಾಣಲೆ

ಇಲ್ಲಿ ಎರಡು ಸಂಗತಿ ಕಲಸಿಹೋಗಿವೆ. ಸಸ್ಯಜನ್ಯ ಎಣ್ಣೆಯಲ್ಲಿ ಕೊಲೆಸ್ಟ್ರಾಲೇ ಇಲ್ಲ, ಹಾಗಾಗಿ ಎಷ್ಟು ಕಾಯಿಸಿದರೂ ಅದರಲ್ಲಿ ಆಕ್ಸಿಡೈಸ್ಡ್ ಕೊಲೆಸ್ಟ್ರಾಲ್ ಹುಟ್ಟದು. ಹುಟ್ಟುವುದು ಕೆಟ್ಟ ಕೊಬ್ಬು. ಆಕ್ಸಿಡೈಸ್ಡ್ ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಪದಾರ್ಥಗಳಲ್ಲಿ, ಅದರಲ್ಲೂ ಗಾಳಿ, ಬಿಸಿಲು, ಶಾಖಕ್ಕೆ ಬಹಳ ಹೊತ್ತು ಒಡ್ಡಿದವುಗಳಲ್ಲಿ: ಹಾಲಿನ ಪುಡಿ, ಮೊಟ್ಟೆಯ ಪುಡಿ, ಒಣಮೀನು, ಒಣ ಸಿಗಡಿ. ಮಳೆಗಾಲಕ್ಕೆಂದು ಮೀರಾ ರೋಡಿನ ಮನೆಯಲ್ಲೂ ಡಬ್ಬಿ ತುಂಬಿಡುವ ಒಣ ಎಟ್ಟಿಯನ್ನು (ಸಿಗಡಿಯನ್ನು) ಸ್ವಲ್ಪವೇ ತಂದು, ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡುವುದು ಉತ್ತಮ. ಬಿ.ಪಿ. ಇದ್ದವರಿಗೆ ಒಣಮೀನಿನ ಉಪ್ಪೇ ಹೆಚ್ಚಿನ ತೊಂದರೆ.

ತುಪ್ಪದ ಕತೆ ಹಳೆಯದು. 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಭಾರತೀಯ ತುಪ್ಪದ ಸ್ಟೆರಾಲುಗಳಲ್ಲಿ ಶೇ. 12.3 ಆಕ್ಸಿಡೈಸ್ಡ್ ಕೊಲೆಸ್ಟ್ರಾಲ್ ಎಂಬ ವರದಿ ಬಂದು, ವಲಸೆ ಹೋದ ಭಾರತೀಯರ ಹೃದ್ರೋಗಕ್ಕೆ ಇದೇ ಕಾರಣವೇ ಎಂಬ ಚರ್ಚೆ ಎದ್ದಿತು. ಅದೊಂದು ಊಹೆಯಾಗಿಯೇ ಉಳಿಯಿತು. ಸಣ್ಣ ಉರಿಯಲ್ಲಿ ಕಾಯಿಸಿ, ಗಸಿ ಹೊಂಬಣ್ಣಕ್ಕೆ ತಿರುಗುತ್ತಲೇ ಇಳಿಸಿ ಸೋಸಿದ ತುಪ್ಪಕ್ಕೂ, ಸಿಹಿ ಕರಿಯಲು ದಿನವಿಡೀ ಒಲೆಯ ಮೇಲಿಟ್ಟ ತುಪ್ಪಕ್ಕೂ ಬಹಳ ಅಂತರ. ನನ್ನ ಲೆಕ್ಕದಲ್ಲಿ ತುಪ್ಪದ ದೊಡ್ಡ ಸಮಸ್ಯೆ ಸಾದಾ ಸಂತೃಪ್ತ ಕೊಬ್ಬು: ಒಂದು ದೊಡ್ಡ ಚಮಚಕ್ಕೆ 8 ಗ್ರಾಂಗಿಂತ ಹೆಚ್ಚು. ಅದು ಯಕೃತ್ತಿನ ಎಲ್‌ಡಿಎಲ್ ಗ್ರಾಹಕಗಳನ್ನು ತಗ್ಗಿಸುತ್ತದೆ, ರಕ್ತದಲ್ಲಿ ಕಣಗಳು ಉಳಿದುಕೊಳ್ಳುತ್ತವೆ. ಇಡ್ಲಿಗೆ ಒಂದು ಸಣ್ಣ ಚಮಚಕ್ಕೂ ಮೈಸೂರುಪಾಕಿಗೂ ಒಂದೇ ನ್ಯಾಯವಲ್ಲ.

ಇನ್ನು ಬಾಣಲೆ. ಮುಂಬಯಿಯ ಉಡುಪಿ ಹೋಟೆಲುಗಳ ಅಡುಗೆಮನೆಯಿಂದ ವಡಾಪಾವ್ ಗಾಡಿಯವರೆಗೆ ಎಲ್ಲರಿಗೂ ಅನ್ವಯಿಸುವ ನಿಯಮ ಒಂದಿದೆ: ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪ್ರಕಾರ 2018ರ ಜುಲೈ 1ರಿಂದ, ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಕೆಟ್ಟಾಗ ಹುಟ್ಟುವ ವಸ್ತುಗಳು) ಶೇ. 25 ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರು ದಾಖಲೆಯನ್ನೂ ಇಡಬೇಕು. ಕೈಯಲ್ಲಿ ಹಿಡಿಯುವ ಮೀಟರಿನಿಂದ ಇದನ್ನು ಅಳೆಯಬಹುದು, ಆದರೆ ತಪ್ಪು ಅಳತೆ ಸಾಮಾನ್ಯ. ವಡೆ ಬೇಯುತ್ತಿರುವಾಗ ಅದ್ದಿದರೆ ನೀರಿನ ಗುಳ್ಳೆಗಳಿಂದ ಅಂಕಿ ಏರುಪೇರಾಗುತ್ತದೆ. ವಡೆ ತೆಗೆದು ಐದು ನಿಮಿಷ ಬಿಟ್ಟು, ಬಾಣಲೆಯ ಲೋಹಕ್ಕೆ ತಾಗದಂತೆ, ಎಣ್ಣೆ ಬಿಸಿಯಿರುವಾಗಲೇ ನೋಡಬೇಕು.

ಎಣ್ಣೆ ಕೆಡುವ ದಾರಿ ಹೋಟೆಲಿನವರಿಗೆ ಗೊತ್ತಿದ್ದದ್ದೇ. ಉದ್ದಿನ ಹಿಟ್ಟಿನ ನೀರು ಆವಿಯಾಗಿ ಎಣ್ಣೆಯನ್ನು ಒಡೆಯುತ್ತದೆ, ಹೊಗೆಯಾಡುವ ಉಷ್ಣತೆ ಇಳಿಯುತ್ತದೆ. ತಳಕ್ಕಿಳಿದ ಹಿಟ್ಟಿನ ಚೂರು ಕರಿದು ಸೀದು ಕೆಡುವಿಕೆಯನ್ನು ಬೇಗಗೊಳಿಸುತ್ತದೆ. ಎಲ್ಲಕ್ಕಿಂತ ಕೆಟ್ಟ ರೂಢಿ ಹಳೆಯದರ ಮೇಲೆ ಹೊಸದನ್ನು ಸುರಿಯುವುದು. ಹಳೆಯ ಎಣ್ಣೆಯಲ್ಲಿ ಆಗಲೇ ಶುರುವಾದ ಸರಪಣಿ ಕ್ರಿಯೆ ಹೊಸ ಎಣ್ಣೆಗೆ ನೇರವಾಗಿ ದಾಟುತ್ತದೆ. ಉಷ್ಣತೆ 170ರಿಂದ 180 ಡಿಗ್ರಿಯೊಳಗೆ ಇಡಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಉರಿ ಆರಿಸಿ, ಚೂರುಗಳನ್ನು ಆಗಾಗ ತೆಗೆಯಿರಿ, ರಾತ್ರಿ ಸೋಸಿ ಮುಚ್ಚಿಡಿ. ನೊರೆ ನಿಲ್ಲದಿದ್ದರೆ, ಎಣ್ಣೆ ಅಂಟಾದರೆ, ಬೇಗ ಹೊಗೆ ಎದ್ದರೆ ಮೀಟರು ನೋಡುವ ಮೊದಲೇ ಅದು ಮುಗಿದಂತೆ. ಕೆಟ್ಟ ಎಣ್ಣೆಯನ್ನು ಚರಂಡಿಗಾಗಲಿ ಸಣ್ಣ ಗಾಡಿಯವನಿಗಾಗಲಿ ಕೊಡದೆ, ಬಯೋಡೀಸೆಲ್‌ಗೆ ಒಯ್ಯುವ ನೋಂದಾಯಿತ ಸಂಗ್ರಾಹಕರಿಗೆ ಮಾರಬೇಕು. ಮನೆಯಲ್ಲಿ ಕರಿದ ಎಣ್ಣೆಯನ್ನು ಒಗ್ಗರಣೆಗೆ ಒಂದೆರಡು ದಿನದಲ್ಲಿ ಮುಗಿಸಿ, ಮತ್ತೆ ಕರಿಯಬೇಡಿ.

ಗೋಡೆಯೊಳಗಿನ ಕಿಡಿಯನ್ನು ಹೆಚ್ಚಿಸುವ ಉಳಿದವು ಗೊತ್ತಿರುವವೇ: ಸಿಗರೇಟು, ಬೀಡಿ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ (ಸಕ್ಕರೆ ಅಂಟಿದ ಎಲ್‌ಡಿಎಲ್ ಬೇಗ ಕೆಡುತ್ತದೆ), ಬಿ.ಪಿ. ಮತ್ತು ಗಾಳಿ. ಪಿಎಂ2.5 ಧೂಳಿಗೆ ನಮ್ಮ ರಾಷ್ಟ್ರೀಯ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಚಳಿಗಾಲದಲ್ಲಿ ಮಂಜಿನಂತೆ ಧೂಳು ನಿಂತ ಬೆಳಿಗ್ಗೆ ಹೆದ್ದಾರಿ ಬದಿಯ ವಾಕಿಂಗಿಗಿಂತ ಮನೆಯೊಳಗಿನ ವ್ಯಾಯಾಮ ಮೇಲು.

ಗುಳಿಗೆಯ ವಿಷಯಕ್ಕೆ ಮರಳಿದರೆ, ಸ್ಟ್ಯಾಟಿನ್ ಎರಡೂ ಕಡೆ ಕೆಲಸ ಮಾಡುತ್ತದೆ: ಕಣಗಳನ್ನೂ ಇಳಿಸುತ್ತದೆ, ಸಿಆರ್‌ಪಿಯನ್ನೂ ಇಳಿಸುತ್ತದೆ. 2008ರ ಜುಪಿಟರ್ ಪ್ರಯೋಗದಲ್ಲಿ ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಹೆಚ್ಚು ಇದ್ದ 17,802 ಜನರಲ್ಲಿ ರೋಸುವಾಸ್ಟ್ಯಾಟಿನ್ 20 ಮಿ.ಗ್ರಾಂ ಹೃದಯ-ರಕ್ತನಾಳ ಘಟನೆಗಳನ್ನು ಶೇ. 44 ಇಳಿಸಿತು. ಶುರು ಮಾಡಿದ 4ರಿಂದ 12 ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ಮೈಕೈ ನೋವು ಬಂದರೆ ತಾನೇ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸಬಹುದು, ಔಷಧಿ ಬದಲಿಸಬಹುದು, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಗ್ಗಿಸುವ ಎಜೆಟಿಮಿಬ್ ಸೇರಿಸಬಹುದು.

ಇತ್ತೀಚೆಗೆ ಹೆಸರು ಕೇಳಿಬರುತ್ತಿರುವುದು ಕೋಲ್ಚಿಸಿನ್, ಗೌಟಿನ (ಯೂರಿಕ್ ಆಮ್ಲದ ಕೀಲುನೋವಿನ) ಹಳೆಯ ಅಗ್ಗದ ಔಷಧಿ. 2019 ಮತ್ತು 2020ರ ಎರಡು ದೊಡ್ಡ ಪ್ರಯೋಗಗಳಲ್ಲಿ ದಿನಕ್ಕೆ 0.5 ಮಿ.ಗ್ರಾಂ ಹೃದ್ರೋಗಿಗಳಿಗೆ ಲಾಭ ತಂದಿತು, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಬಂದ, ಅಟ್ಯಾಕ್ ಆದ ಏಳು ಸಾವಿರಕ್ಕೂ ಹೆಚ್ಚು ಜನರ ಇನ್ನೊಂದು ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಹಾಗಾಗಿ ಯಾರಿಗೆ, ಯಾವಾಗ ಎಂಬುದು ಹೃದ್ರೋಗ ತಜ್ಞರು ನಿರ್ಧರಿಸುವ ಮಾತು. ಗೌಟಿಗೆಂದು ಮನೆಯ ಡಬ್ಬಿಯಲ್ಲಿ ಉಳಿದ ಕೋಲ್ಚಿಸಿನ್ ಅನ್ನು ತಾವೇ ನುಂಗುವುದು ಅಪಾಯ: ಮೂತ್ರಪಿಂಡ ದುರ್ಬಲವಿದ್ದರೆ ಅದು ದೇಹದಲ್ಲಿ ಉಳಿದು ವಿಷವಾಗುತ್ತದೆ, ಕೆಮ್ಮು-ಜ್ವರಕ್ಕೆ ಬರೆದುಕೊಡುವ ಕ್ಲಾರಿಥ್ರೊಮೈಸಿನ್ ಜೊತೆ ಸೇರಿದರೆ ಪ್ರಾಣಕ್ಕೇ ಬರಬಹುದು.